ಬಿಚ್ಚುವ ಮೊದಲು ಏನನ್ನು ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ದಿನಬಳಕೆಯ ಯಾವುದಾದರೊಂದು ಉಪಕರಣವನ್ನು ಆರಿಸಿಕೊಂಡು, ಅದನ್ನು ಪೂರ್ತಿಯಾಗಿ ಕಳಚಿ, ಪ್ರತಿಯೊಂದು ಬಿಡಿಭಾಗವೂ ಅಲ್ಲಿ ಏಕಿದೆ ಎಂಬುದನ್ನು ವಿವರಿಸುವ ವರದಿಯನ್ನು ಈ ಅವಧಿಯಲ್ಲಿ ನಾವು ಬರೆಯಬೇಕಾಗಿದೆ. ನಾನು ಆರಿಸಿಕೊಂಡಿರುವುದು ನೀರು ಕುದಿದ ಮೇಲೆ ತಾನಾಗಿ ಆರುವ, ಸ್ಟೀಲ್ ಮೈಯ, ಒಂದೂವರೆ ಲೀಟರಿನ ವಿದ್ಯುತ್ ಕೆಟಲ್. ಅದರ ತಳದಲ್ಲಿ 1500 ವ್ಯಾಟ್ ಎಂದು ನಮೂದಿಸಲಾಗಿದೆ.

ನಮ್ಮ ಮಾರ್ಗದರ್ಶಕರು ಒಂದು ನಿಬಂಧನೆ ಹಾಕಿದ್ದಾರೆ. ಮೊದಲ ವಾರ ಯಾರೂ ಸ್ಕ್ರೂ ಡ್ರೈವರ್ ಮುಟ್ಟುವಂತಿಲ್ಲ. ಉಪಕರಣವನ್ನು ಬಳಸಬೇಕು, ಗಮನಿಸಬೇಕು, ಒಳಗೆ ಏನಿರಬಹುದೆಂದು ಊಹಿಸಿ ಚಿತ್ರ ಬರೆದು ಒಪ್ಪಿಸಬೇಕು. ಅನಂತರವೇ ಬಿಚ್ಚಲು ಅನುಮತಿ. ನಾನು ಎರಡು ದಿನಗಳಿಂದ ನೀರು ಕಾಯಿಸುತ್ತ ಕುಳಿತಿದ್ದೇನೆ. ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ನೀರು ಕುದಿಯುತ್ತದೆ, ಟಕ್ ಎಂದು ಆರುತ್ತದೆ. ಇದರಾಚೆಗೆ ಬರೆಯಲು ನನಗೆ ಏನೂ ತೋಚುತ್ತಿಲ್ಲ. ನಾಲ್ಕು ತಿರುಪು ತೆಗೆದರೆ ಹತ್ತು ನಿಮಿಷದಲ್ಲಿ ಕಣ್ಣಿಗೇ ಕಾಣುವ ಸಂಗತಿಯನ್ನು ವಾರವಿಡೀ ಊಹಿಸುತ್ತ ಕೂರುವುದರಿಂದ ದೊರೆಯುವುದೇನು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನಮ್ಮ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದೇ ಕಡೆ ನಿಂತು ತುಡಿಯತೊಡಗಿದಾಗ ನಾನು ತಡಮಾಡದೆ ಅದನ್ನು ಬಿಚ್ಚಿದ್ದೆ. ಹಲ್ಲುಗಾಲಿಗಳೆಲ್ಲ ಮೇಜಿನ ಮೇಲೆ ಚೆಲ್ಲಿದವು. ಯಾವ ಗಾಲಿಗೆ ಎಷ್ಟು ಹಲ್ಲು ಎಂಬುದನ್ನು ಎಣಿಸಿ ಬರೆದುಕೊಂಡೆ, ಆದರೆ ಮುಳ್ಳು ಏಕೆ ನಿಂತಿತು ಎಂಬುದು ಗೊತ್ತಾಗಲೇ ಇಲ್ಲ. ಗಡಿಯಾರವೂ ಮತ್ತೆ ನಡೆಯಲಿಲ್ಲ. ಈ ಬಾರಿ ಹಾಗಾಗಬಾರದು. ಬಿಚ್ಚುವ ಮೊದಲು ನಿಜವಾಗಿ ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಇಪ್ಪತ್ತು ವರ್ಷಗಳಿಂದ ಮನೆಬಳಕೆಯ ವಿದ್ಯುತ್ ಉಪಕರಣಗಳ ದುರಸ್ತಿ ಮಾಡುತ್ತಿದ್ದೇನೆ. ನಿಮ್ಮ ಗಡಿಯಾರದಿಂದಲೇ ಆರಂಭಿಸುತ್ತೇನೆ. ಆ ಮುಳ್ಳು ಯಾವ ಅಂಕಿಯ ಬಳಿ ನಿಂತು ತುಡಿಯುತ್ತಿತ್ತು ಎಂಬುದನ್ನು ನೀವು ಬರೆದಿಲ್ಲ. ಬಹುಶಃ 9ರ ಹತ್ತಿರ ಇದ್ದಿರಬೇಕು. ಇಂತಹ ಗಡಿಯಾರದೊಳಗಿನ ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ, ಮತ್ತು ಪ್ರತಿ ಮಿಡಿತಕ್ಕೂ ಒಂದು ಪುಟ್ಟ ಮೋಟಾರು ಅರ್ಧ ಸುತ್ತು ತಿರುಗಿ ಮುಳ್ಳನ್ನು ಒಂದು ಹೆಜ್ಜೆ ಮುಂದಿಡುತ್ತದೆ. ಮುಳ್ಳು 12ರಿಂದ 6ಕ್ಕೆ ಇಳಿಯುವಾಗ ಅದರ ಭಾರವೇ ಮೋಟಾರಿಗೆ ನೆರವಾಗುತ್ತದೆ. 6ರಿಂದ 12ಕ್ಕೆ ಏರುವಾಗ ಮೋಟಾರು ಆ ಭಾರವನ್ನು ಎತ್ತಬೇಕು, ಮತ್ತು ಮುಳ್ಳು ನೆಲಕ್ಕೆ ಸಮಾನಾಂತರವಾಗಿ ಮಲಗುವ 9ರ ಬಳಿ ಆ ಹೊರೆ ಅತಿ ಹೆಚ್ಚು. ಸೆಲ್ ಬಡವಾದಾಗ ಮುಳ್ಳು ಅಲ್ಲಿಯೇ ಸೋಲುತ್ತದೆ. ಗೋಡೆಯ ಮೇಲಿದ್ದ ಗಡಿಯಾರ ತಾನೇ ತನ್ನ ಕಾಯಿಲೆಯನ್ನು ಹೇಳುತ್ತಿತ್ತು. ಅದನ್ನು ಇಳಿಸಿ ಮೇಜಿನ ಮೇಲೆ ಅಂಗಾತ ಮಲಗಿಸಿದ ಕ್ಷಣದಲ್ಲೇ ಎತ್ತಬೇಕಾದ ಭಾರ ಇಲ್ಲವಾಯಿತು, ಅದರೊಂದಿಗೆ ಸಾಕ್ಷ್ಯವೂ ಇಲ್ಲವಾಯಿತು. ಹಲ್ಲುಗಳನ್ನು ಎಷ್ಟು ಎಣಿಸಿದರೂ ಅದು ಮರಳಿ ಸಿಗುವಂಥದ್ದಲ್ಲ.

ಬಿಚ್ಚಿದರೆ ಎಲ್ಲವೂ ಕಾಣುತ್ತದೆ ಎಂಬ ನಂಬಿಕೆ ಸರಿಯಲ್ಲ. ಬಿಚ್ಚಿದಾಗ ಭಾಗಗಳು ಕಾಣುತ್ತವೆ, ಆದರೆ ಅವುಗಳ ನಡುವೆ ನಡೆಯುತ್ತಿದ್ದ ವ್ಯವಹಾರ ನಿಂತುಹೋಗಿರುತ್ತದೆ. ಸೀಲಿಂಗ್ ಫ್ಯಾನನ್ನೇ ನೋಡಿ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮರದ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದರೆ ತಳ್ಳಿದ ದಿಕ್ಕಿನಲ್ಲೇ ಓಡತೊಡಗುತ್ತದೆ. ಇಷ್ಟು ಕಂಡರೆ ಸಾಕು, ಮೋಟಾರಿಗೆ ಮೊದಲ ತಿರುವು ಕೊಡಬೇಕಾದ ಕೆಪಾಸಿಟರ್ ಅಥವಾ ಅದಕ್ಕೆ ಸೇರಿದ ಸುರುಳಿಯ ಸಂಪರ್ಕ ಹೋಗಿದೆ ಎಂದು ತಿಳಿಯುತ್ತದೆ. ಹಾಗಲ್ಲದೆ, ವಿದ್ಯುತ್ ತೆಗೆದು ಕೈಯಲ್ಲಿ ತಿರುಗಿಸಿದಾಗಲೂ ರೆಕ್ಕೆ ಬಿಗಿಯಾಗಿದ್ದರೆ ದೋಷವಿರುವುದು ಬೇರಿಂಗಿನಲ್ಲಿ. ಎರಡೂ ಸಂದರ್ಭಗಳಲ್ಲಿ ಬಳಕೆದಾರರ ದೂರು ಒಂದೇ: ‘ಫ್ಯಾನ್ ತಿರುಗುತ್ತಿಲ್ಲ.’ ರೆಫ್ರಿಜರೇಟರಿನ ವಿಷಯದಲ್ಲಂತೂ ಕಿವಿಯೇ ಮುಖ್ಯ. ಕೆಲವು ಸೆಕೆಂಡು ಗುನುಗಿ, ಕ್ಲಿಕ್ ಎಂದು ನಿಂತು, ಒಂದಷ್ಟು ನಿಮಿಷ ಸುಮ್ಮನಿದ್ದು, ಮತ್ತೆ ಗುನುಗಿ ಮತ್ತೆ ನಿಂತರೆ, ಕಂಪ್ರೆಸರ್ ಶುರುವಾಗಲು ಹೆಣಗುತ್ತಿದೆ, ಅತಿಯಾದ ವಿದ್ಯುತ್ತಿನಿಂದ ಅದನ್ನು ಕಾಯುವ ರಕ್ಷಕ ಪ್ರತಿ ಸಲವೂ ಅದನ್ನು ಬಿಡಿಸುತ್ತಿದೆ ಎಂದರ್ಥ. ಹಿಂಬದಿಯನ್ನು ಬಿಚ್ಚಿದರೆ ಕಾಣುವುದು ಒಂದು ಕಪ್ಪು ಲೋಹದ ಗುಂಡು ಮಾತ್ರ. ಅದು ಏನನ್ನೂ ಹೇಳುವುದಿಲ್ಲ.

ಆದ್ದರಿಂದ ನಿಮ್ಮ ಕೆಟಲ್ ಚಾಲೂ ಇರುವಾಗ ಅದರ ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ, ಒಂದು ಸಲ ಪೂರ್ತಿ ಕೇಳಿಸಿಕೊಳ್ಳಿ. ಸದ್ದು ಎಲ್ಲಿ ಏರುತ್ತದೆ, ಎಲ್ಲಿ ತಗ್ಗುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಅನಂತರ ತಣ್ಣಗಿರುವಾಗ ಮೈಯನ್ನೆಲ್ಲ ಕೈಯಾಡಿಸಿ ನೋಡಿ. ಹಳೆಯ ಉಪಕರಣದ ಮೇಲೆ ಕುಳಿತ ಧೂಳು ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆಂದು ತೋರಿಸುತ್ತದೆ, ಸವೆದ ಬಣ್ಣ ಏನು ಯಾವುದಕ್ಕೆ ಉಜ್ಜುತ್ತದೆಂದು ತೋರಿಸುತ್ತದೆ, ಹಳದಿಗೆ ತಿರುಗಿದ ಪ್ಲಾಸ್ಟಿಕ್ ಕಾವು ಎಲ್ಲಿ ತಂಗುತ್ತದೆಂದು ತೋರಿಸುತ್ತದೆ. ಒರೆಸಿ ಸ್ವಚ್ಛ ಮಾಡುವ ಮೊದಲೇ ಇವುಗಳ ಫೋಟೊ ತೆಗೆದುಕೊಳ್ಳಿ.

ಉತ್ತರ 2

ನಾನು ಇದೇ ವಿಷಯವನ್ನು ಬೋಧಿಸುತ್ತೇನೆ. ನಿಮ್ಮ ಮಾರ್ಗದರ್ಶಕರ ನಿಬಂಧನೆ ನನಗೆ ಸರಿಯೆಂದೇ ತೋರುತ್ತದೆ, ಆದರೆ ‘ಗಮನಿಸಿ’ ಎಂದಷ್ಟೇ ಹೇಳಿದರೆ ಸಾಲದು. ಬರಿದೆ ನೋಡುತ್ತ ಕುಳಿತವರಿಗೆ ನಿಮಗೆ ಕಂಡಷ್ಟೇ ಕಾಣುತ್ತದೆ. ನೋಡುವುದಕ್ಕೆ ಒಂದು ಪ್ರಶ್ನೆ ಬೇಕು, ಮತ್ತು ಆ ಪ್ರಶ್ನೆಗೆ ಉತ್ತರ ಬರುವಂತೆ ಒಂದೇ ಒಂದು ಸಂಗತಿಯನ್ನು ಬದಲಾಯಿಸಿ ಮತ್ತೆ ನೋಡಬೇಕು.

ಕೆಟಲನ್ನು ಮುಚ್ಚಿದ ಪೆಟ್ಟಿಗೆಯೆಂದೇ ಭಾವಿಸಿ, ಅದರೊಳಕ್ಕೆ ಏನು ಹೋಗುತ್ತದೆ, ಅದರಿಂದ ಏನು ಹೊರಬರುತ್ತದೆ ಎಂದು ಬರೆಯಿರಿ. ಹರಿಯುವುದು ಮೂರು ಬಗೆ: ಶಕ್ತಿ, ವಸ್ತು, ಸಂಕೇತ. ಇಲ್ಲಿ ಶಕ್ತಿಯೆಂದರೆ ವಿದ್ಯುತ್ತು ಮತ್ತು ಶಾಖ. ವಸ್ತುವೆಂದರೆ ನೀರು ಮತ್ತು ಹಬೆ. ವಿದ್ಯಾರ್ಥಿಗಳು ಈ ಎರಡನ್ನು ಬೇಗ ಬರೆದುಬಿಡುತ್ತಾರೆ. ಅವರು ಮರೆಯುವುದು ಮೂರನೆಯದನ್ನು, ಮತ್ತು ಕೆಟಲ್ಲಿನ ಜಾಣ್ಮೆ ಇರುವುದು ಅಲ್ಲಿಯೇ. ನೀರು ಕುದಿಯಿತೆಂಬ ಸುದ್ದಿ ಗುಂಡಿಗೆ ತಲುಪುವುದು ಹೇಗೆ? ಅದು ನೀರಿನ ಬಿಸಿಯನ್ನು ಅಳೆಯುತ್ತದೆಯೇ, ಹೊತ್ತನ್ನು ಎಣಿಸುತ್ತದೆಯೇ, ಸದ್ದನ್ನು ಕೇಳುತ್ತದೆಯೇ, ಹಬೆಯನ್ನು ಗುರುತಿಸುತ್ತದೆಯೇ? ಈ ನಾಲ್ಕೂ ಸಾಧ್ಯತೆಗಳನ್ನು ಕಾಗದದ ಮೇಲೆ ಬರೆಯಿರಿ. ಪ್ರತಿಯೊಂದೂ ನಿಜವಾಗಿದ್ದರೆ ಏನು ಕಾಣಬೇಕು, ಸುಳ್ಳಾಗಿದ್ದರೆ ಏನು ಕಾಣಬೇಕು ಎಂಬುದನ್ನು ಅದರ ಮುಂದೆಯೇ ಬರೆಯಿರಿ. ಹೊತ್ತನ್ನು ಎಣಿಸುವುದಾದರೆ ಅರ್ಧ ಲೀಟರಿಗೂ ಒಂದು ಲೀಟರಿಗೂ ಒಂದೇ ಹೊತ್ತು ಹಿಡಿಯಬೇಕು. ಹಬೆಯನ್ನು ಗುರುತಿಸುವುದಾದರೆ ಮುಚ್ಚಳ ತೆರೆದಾಗ ಏನೋ ಬದಲಾಗಲೇಬೇಕು. ಉತ್ತರವನ್ನು ನಾನು ಹೇಳುವುದಿಲ್ಲ. ನಿಮ್ಮ ಕೈಯಲ್ಲಿ ಗಡಿಯಾರ, ತಾಪಮಾಪಕ, ಅಳತೆಯ ಪಾತ್ರೆ ಇದ್ದರೆ ಅದು ಒಂದು ಮಧ್ಯಾಹ್ನದ ಕೆಲಸ. ಹಬೆ ಕೈ ಸುಡುತ್ತದೆ, ಆದ್ದರಿಂದ ಮುಚ್ಚಳ ತೆರೆದಿಟ್ಟು ಕುದಿಸುವಾಗ ತುಸು ದೂರ ನಿಂತಿರಿ, ಆದರೆ ಕೆಟಲನ್ನು ಹಾಗೆಯೇ ಬಿಟ್ಟು ಹೋಗಬೇಡಿ.

ಒಂದು ಶಿಸ್ತನ್ನು ಮಾತ್ರ ಬಿಡಬೇಡಿ. ಊಹೆಯನ್ನು ಪ್ರಯೋಗದ ಮೊದಲೇ, ದಿನಾಂಕ ಹಾಕಿ, ಶಾಯಿಯಲ್ಲಿ ಬರೆಯಿರಿ. ಉತ್ತರ ಕಂಡ ಮೇಲೆ ‘ನಾನೂ ಹೀಗೆಯೇ ಅಂದುಕೊಂಡಿದ್ದೆ’ ಎಂದು ಮನಸ್ಸು ತನ್ನನ್ನು ತಾನೇ ನಂಬಿಸಿಬಿಡುತ್ತದೆ. ಆಗ ಎಲ್ಲಿ ತಪ್ಪು ತಿಳಿದಿದ್ದೆವು ಎಂಬುದು ಅಳಿಸಿಹೋಗುತ್ತದೆ. ವರದಿಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಆ ತಪ್ಪಿದ ಊಹೆಯನ್ನೇ.

ಉತ್ತರ 3

ಮೇಲಿನ ಎರಡೂ ಉತ್ತರಗಳನ್ನು ಗೌರವಿಸುತ್ತಲೇ ಸ್ವಲ್ಪ ಭಿನ್ನವಾದ ಮಾತನ್ನು ಹೇಳಬೇಕೆನಿಸಿದೆ. ನಾನು ಉತ್ಪನ್ನಗಳ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವನು. ಹೊರಗಿನ ಗಮನಿಕೆ ಕೆಲವೊಮ್ಮೆ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದನ್ನು ನಾನು ಒಂದು ಟೋಸ್ಟರಿನಿಂದ ಕಲಿತೆ. ಲಿವರನ್ನು ಕೆಳಗೆ ಒತ್ತಿದರೆ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ, ಹೊತ್ತಾದ ಮೇಲೆ ಮೇಲಕ್ಕೆ ಚಿಮ್ಮುತ್ತದೆ. ಒಳಗೊಂದು ಕೊಕ್ಕೆ ಇದೆ, ಬಿಸಿಯಾದ ದ್ವಿಲೋಹ ಪಟ್ಟಿ (ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ) ಬಾಗಿ ಅದನ್ನು ಬಿಡಿಸುತ್ತದೆ ಎಂದು ನಾನು ಚೆಂದದ ಚಿತ್ರವನ್ನೇ ಬರೆದಿದ್ದೆ. ಹಳೆಯ ಕಾಲದ ಟೋಸ್ಟರುಗಳ ಮಟ್ಟಿಗೆ ಅದು ಸರಿಯಾದ ಚಿತ್ರವೂ ಹೌದು. ಆದರೆ ನನ್ನ ಮುಂದಿದ್ದ ಯಂತ್ರವನ್ನು ತೆರೆದಾಗ ಕಂಡದ್ದು ಲಿವರನ್ನು ಹಿಡಿದಿಡುವ ಒಂದು ವಿದ್ಯುತ್ಕಾಂತ ಮತ್ತು ಹೊತ್ತನ್ನು ಎಣಿಸುವ ಪುಟ್ಟ ವಿದ್ಯುನ್ಮಂಡಲ. ನನ್ನ ಊಹೆಯನ್ನು ನಾನು ಎಷ್ಟು ನಂಬಿದ್ದೆನೆಂದರೆ, ವಿದ್ಯುತ್ಕಾಂತವನ್ನು ಕಣ್ಣಾರೆ ಕಂಡ ಮೇಲೂ ಒಂದಷ್ಟು ಹೊತ್ತು ದ್ವಿಲೋಹ ಪಟ್ಟಿಯನ್ನೇ ಹುಡುಕುತ್ತಿದ್ದೆ.

ಆಮೇಲೆ ಯೋಚಿಸಿದಾಗ ತಿಳಿದದ್ದೇನೆಂದರೆ, ತಪ್ಪಿದ್ದು ಗಮನಿಸಿದ್ದರಲ್ಲಿ ಅಲ್ಲ, ಟೋಸ್ಟರ್ ಸರಿಯಾಗಿ ನಡೆಯುವುದನ್ನಷ್ಟೇ ಗಮನಿಸಿದ್ದರಲ್ಲಿ. ಪ್ಲಗ್ ತೆಗೆದು ಲಿವರನ್ನು ಒತ್ತಿ ನೋಡಿದ್ದರೆ ಅದು ಕೆಳಗೆ ನಿಲ್ಲದೆ ಮೇಲೆ ಬರುತ್ತಿತ್ತು. ಹಿಡಿದಿಡುವುದು ಕೊಕ್ಕೆಯಲ್ಲ, ವಿದ್ಯುತ್ತು ಎಂಬುದು ಎರಡು ಸೆಕೆಂಡಿನಲ್ಲಿ ತಿಳಿಯುತ್ತಿತ್ತು. ಆದ್ದರಿಂದ ಉಪಕರಣ ಏನನ್ನು ಮಾಡುತ್ತದೆ ಎಂಬುದರ ಜೊತೆಗೆ ಏನನ್ನು ಮಾಡಲು ಒಪ್ಪುವುದಿಲ್ಲ ಎಂಬುದನ್ನೂ ನೋಡಿ. ಕುದಿದು ಆರಿದ ಕೂಡಲೇ ಗುಂಡಿಯನ್ನು ಮತ್ತೆ ಒತ್ತಿದರೆ ಅದು ನಿಲ್ಲುತ್ತದೆಯೇ? ಕೆಟಲನ್ನು ಪೀಠದಿಂದ ಎತ್ತಿ ಹಿಡಿದಾಗ ಗುಂಡಿ ಏನಾಗುತ್ತದೆ?

ಹೊರಗಿನಿಂದ ಎಂದೂ ಕಾಣದ ಭಾಗಗಳೂ ಇರುತ್ತವೆ ಎಂಬುದನ್ನು ಮರೆಯಬಾರದು. ಅಪಾಯ ಒದಗಿದಾಗ ಮಾತ್ರ ಎಚ್ಚರಗೊಳ್ಳುವ ರಕ್ಷಣಾ ಭಾಗಗಳು ವರ್ಷಗಟ್ಟಲೆ ಸುಮ್ಮನೆ ಕುಳಿತಿರುತ್ತವೆ. ಸಾಮಾನ್ಯ ಬಳಕೆಯಲ್ಲಿ ಅವುಗಳ ಸುಳಿವೇ ಸಿಗದು. ಅವನ್ನು ಎಬ್ಬಿಸಲೆಂದು ಕೆಟಲನ್ನು ನೀರಿಲ್ಲದೆ ಚಾಲೂ ಮಾಡಬೇಡಿ. ಅದರ ಬದಲು ಜೊತೆಗೆ ಬಂದ ಸೂಚನಾ ಪುಸ್ತಿಕೆಯ ಎಚ್ಚರಿಕೆಗಳನ್ನು ನಿಧಾನವಾಗಿ ಓದಿ. ‘ಹೀಗೆ ಮಾಡಬೇಡಿ’ ಎಂಬ ಪ್ರತಿಯೊಂದು ಸಾಲಿನ ಹಿಂದೆಯೂ ವಿನ್ಯಾಸಕಾರ ಎದುರಿಸಿದ ಒಂದು ಸಮಸ್ಯೆ ಇರುತ್ತದೆ, ಹಲವು ಸಲ ಅದಕ್ಕೆಂದೇ ಇಟ್ಟ ಒಂದು ಭಾಗವೂ ಇರುತ್ತದೆ.

ಇದನ್ನು ಓದುವ ಬೇರೆ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಿಬಿಡುತ್ತೇನೆ. ಮೈಕ್ರೊವೇವ್ ಓವನನ್ನು ಹೊರಗಿನಿಂದ ಎಷ್ಟು ಬೇಕಾದರೂ ಗಮನಿಸಿ, ಆದರೆ ಬಿಚ್ಚಬೇಡಿ. ಅದರ ಕೆಪಾಸಿಟರ್ ಸಾವಿರಾರು ವೋಲ್ಟಿಗೆ ತುಂಬಿಕೊಳ್ಳುತ್ತದೆ, ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತು ಅದರಲ್ಲಿ ಉಳಿದಿರಬಹುದು.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಗಡಿಯಾರದ ಮುಳ್ಳು ನಿಂತದ್ದು 9ಕ್ಕಿಂತ ತುಸು ಕೆಳಗೆ. ಈಗ ನೆನಪಿಗೆ ಬಂದಿತು. ಆಗ ನಾನು ಸೆಲ್ಲನ್ನು ಬದಲಿಸಿಯೂ ನೋಡಿರಲಿಲ್ಲ.

ಕಳೆದ ನಾಲ್ಕು ದಿನಗಳಲ್ಲಿ ಮಾಡಿದ್ದನ್ನು ಒಪ್ಪಿಸುತ್ತಿದ್ದೇನೆ. 26 ಡಿಗ್ರಿ ಸೆಲ್ಸಿಯಸ್ ಇದ್ದ ಒಂದು ಲೀಟರ್ ನೀರು 3 ನಿಮಿಷ 55 ಸೆಕೆಂಡಿಗೆ ಕೊತಕೊತ ಕುದಿಯಿತು, 4 ನಿಮಿಷ 20 ಸೆಕೆಂಡಿಗೆ ಕೆಟಲ್ ಆರಿತು. ಅರ್ಧ ಲೀಟರ್ 2 ನಿಮಿಷ 5 ಸೆಕೆಂಡಿಗೆ ಕುದಿಯಿತು, ಅದಾಗಿ 23 ಸೆಕೆಂಡಿಗೆ ಆರಿತು. ಹೊತ್ತನ್ನು ಎಣಿಸುತ್ತದೆ ಎಂಬ ಸಾಧ್ಯತೆ ಅಲ್ಲಿಗೆ ಬಿದ್ದುಹೋಯಿತು. ಸದ್ದಿನ ವಿಷಯ ನನಗೆ ನಿಜಕ್ಕೂ ಬೆರಗು ತಂದಿತು: ಭೋರೆನ್ನುವ ಸದ್ದು ಅತಿ ಹೆಚ್ಚಾಗಿರುವುದು ಕುದಿಯುವಾಗ ಅಲ್ಲ, ಅದಕ್ಕಿಂತ ಮೊದಲು, ನೀರು ನಿಜವಾಗಿ ಕುದಿಯುವಾಗ ಸದ್ದು ಮೆತ್ತಗಾಗಿ, ದಪ್ಪ ಗುಳ್ಳೆಗಳ ದನಿಯಷ್ಟೇ ಉಳಿಯುತ್ತದೆ. ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆಗಳು ಮೇಲಿನ ತಣ್ಣನೆಯ ನೀರಿಗೆ ಸಿಕ್ಕಿ ಕುಸಿಯುವುದರಿಂದ ಆ ಸದ್ದು ಬರುತ್ತದೆಂದೂ, ನೀರೆಲ್ಲ ಸಮನಾಗಿ ಕಾದ ಮೇಲೆ ಗುಳ್ಳೆಗಳು ಕುಸಿಯದೆ ಮೇಲೆ ಬರುತ್ತವೆಂದೂ ಅರ್ಥ ಮಾಡಿಕೊಂಡಿದ್ದೇನೆ.

ಮುಚ್ಚಳ ತೆರೆದಿಟ್ಟಾಗ ನೀರು ಕುದಿಯುತ್ತಲೇ ಇತ್ತು, ಕೆಟಲ್ ಆರಲಿಲ್ಲ. ಒಂದೂವರೆ ನಿಮಿಷ ಕಾದು ನಾನೇ ಆರಿಸಿದೆ. ನೀರಿನ ಬಿಸಿ ಎರಡೂ ಸಲ ಒಂದೇ ಆಗಿದ್ದುದರಿಂದ, ಕೆಟಲ್ ಅಳೆಯುತ್ತಿರುವುದು ನೀರಿನ ಬಿಸಿಯನ್ನಲ್ಲ ಎಂದಾಯಿತು. ಸದ್ದೂ ಎರಡು ಸಲ ಒಂದೇ ತೆರನಾಗಿತ್ತು. ಉಳಿದದ್ದು ಹಬೆ. ಒಳಗೆ ಬಾಯಂಚಿನ ಬಳಿ, ಹಿಡಿಯ ಕಡೆಗೆ, ಕಿರಿದಾದ ಮೂರು ಸೀಳುಗಳಿವೆ. ಈವರೆಗೆ ನಾನು ಅವನ್ನು ನೋಡಿಯೇ ಇರಲಿಲ್ಲ. ಗುಂಡಿ ಇರುವುದು ಮಾತ್ರ ಹಿಡಿಯ ತಳತುದಿಯಲ್ಲಿ. ಹಬೆ ಸೀಳುಗಳ ಮೂಲಕ ಹೊಕ್ಕು ಹಿಡಿಯೊಳಗಿನ ಕೊಳವೆಯಲ್ಲಿ ಕೆಳಗಿಳಿದು ಗುಂಡಿಯ ಬಳಿ ಬರುತ್ತದೆ ಎಂದು ಊಹಿಸಿದೆ. ಇದಕ್ಕೊಂದು ಸಾಕ್ಷಿಯೂ ಸಿಕ್ಕಿತು. ಪ್ರತಿ ಸಲ ನೀರು ಕಾಯಿಸಿ ಕೆಟಲನ್ನು ಎತ್ತಿದಾಗ ಪೀಠದ ಮೇಲೆ ಒಂದೆರಡು ಹನಿ ನೀರು ಇರುತ್ತಿತ್ತು. ಕೆಟಲ್ ಸೋರುತ್ತಿದೆ ಎಂದೇ ನಾನು ಭಾವಿಸಿದ್ದೆ. ಪೀಠವನ್ನು ಒಣಗಿಸಿ, ಮುಚ್ಚಳ ಮುಚ್ಚಿ ಮೂರು ಸಲ, ತೆರೆದು ಮೂರು ಸಲ ಕುದಿಸಿದೆ. ಮುಚ್ಚಿದಾಗ ಪ್ರತಿ ಸಲವೂ ಹನಿ ಬಿದ್ದಿತ್ತು, ತೆರೆದಾಗ ಒಮ್ಮೆಯೂ ಬೀಳಲಿಲ್ಲ.

ಆರಿದ ಕೂಡಲೇ ಗುಂಡಿಯನ್ನು ಒತ್ತಿದರೆ ಅದು ನಿಲ್ಲದೆ ಮೇಲೇಳುತ್ತದೆ. ಸುಮಾರು 40 ಸೆಕೆಂಡು ಕಳೆದ ಮೇಲೆ ನಿಲ್ಲುತ್ತದೆ. ಆದ್ದರಿಂದ ಬಿಸಿಯಾಗಿ ಬಾಗಿ, ತಣಿದ ಮೇಲೆ ಮರಳುವ ಲೋಹದ ಭಾಗ ಅಲ್ಲಿರಬೇಕು ಎಂದು ಚಿತ್ರ ಬರೆದಿದ್ದೇನೆ.

ನನಗೆ ಬಗೆಹರಿಯದ ಒಂದು ಸಂಗತಿ ಉಳಿದಿದೆ. ಅರ್ಧ ಲೀಟರಿಗೆ 125 ಸೆಕೆಂಡು, ಒಂದು ಲೀಟರಿಗೆ 235 ಸೆಕೆಂಡು. ಅಂದರೆ ಎರಡನೆಯ ಅರ್ಧ ಲೀಟರಿಗೆ ಹಿಡಿದದ್ದು 110 ಸೆಕೆಂಡು ಮಾತ್ರ. ಹಾಗಾದರೆ ಮೊದಲ ಅರ್ಧ ಲೀಟರಿನಲ್ಲಿ ಹೆಚ್ಚಾಗಿ ಹಿಡಿದ 15 ಸೆಕೆಂಡು ಎಲ್ಲಿಗೆ ಹೋಯಿತು?

ಉತ್ತರ 2 ಬರೆದವರು

ಆ 15 ಸೆಕೆಂಡನ್ನು ಹಿಡಿದುಕೊಂಡದ್ದಕ್ಕೆ ನಿಮ್ಮನ್ನು ಅಭಿನಂದಿಸುತ್ತೇನೆ. 1500 ವ್ಯಾಟಿನಲ್ಲಿ 15 ಸೆಕೆಂಡು ಎಂದರೆ 22.5 ಕಿಲೋಜೂಲ್. ನೀರು ಎಷ್ಟೇ ಇರಲಿ, ಕೆಟಲ್ ತನ್ನ ಮೈಯನ್ನೂ ಕಾಯಿಸಿಕೊಳ್ಳಲೇಬೇಕು. ಅರ್ಧ ಕಿಲೋ ಸ್ಟೀಲನ್ನು 74 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 18 ಕಿಲೋಜೂಲ್ ಬೇಕು. ಉಳಿದದ್ದು ತಳದ ತಟ್ಟೆಗೂ ಕಾಯಿಸುವ ಸುರುಳಿಗೂ ಸಲ್ಲುತ್ತದೆ. ಕೆಟಲ್ ಮುಚ್ಚಿದ್ದಾಗಲೇ, ಬರೀ ಕೈಗಡಿಯಾರದಿಂದ ನೀವು ಅದರ ಲೋಹದ ಭಾರವನ್ನು ಸರಿಸುಮಾರು ತೂಗಿದಂತಾಯಿತು. ಆದರೆ ಎರಡು ಬಿಂದುಗಳ ಮೂಲಕ ಯಾವಾಗಲೂ ಒಂದು ಗೆರೆ ಎಳೆಯಬಹುದು. ಮುಕ್ಕಾಲು ಲೀಟರ್ ಮತ್ತು ಒಂದೂವರೆ ಲೀಟರಿಗೂ ಅಳೆದು, ಆ ಬಿಂದುಗಳೂ ಅದೇ ಗೆರೆಯ ಮೇಲೆ ಬೀಳುತ್ತವೆಯೇ ಎಂದು ನೋಡದೆ ವರದಿಯಲ್ಲಿ ಬರೆಯಬೇಡಿ.

ಇಲ್ಲಿಂದ ಮುಂದಿನ ಪ್ರಶ್ನೆ ವಿನ್ಯಾಸದ್ದು. ನೀರಿನ ಬಿಸಿಯನ್ನೇ ಅಳೆಯುವ ಬದಲು ಹಬೆಯನ್ನು ಇಷ್ಟು ದೂರ ಕರೆದೊಯ್ಯುವ ಗೊಡವೆ ಏಕೆ? ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 90 ಡಿಗ್ರಿಯಲ್ಲಿ. 100 ಡಿಗ್ರಿಗೆ ಹೊಂದಿಸಿದ ಕೆಟಲನ್ನು ಅಲ್ಲಿಗೆ ಒಯ್ದರೆ ಅದು ನೀರು ಬತ್ತುವವರೆಗೂ ಆರುವುದಿಲ್ಲ. 90ಕ್ಕೆ ಹೊಂದಿಸಿದ್ದನ್ನು ಕೆಳಗೆ ತಂದರೆ ಕುದಿಯುವ ಮೊದಲೇ ಆರುತ್ತದೆ. ಹಬೆ ಭರದಿಂದ ಹೊಮ್ಮುವುದು ಮಾತ್ರ ಎಲ್ಲ ಕಡೆಯೂ ಕುದಿ ಬಂದಾಗಲೇ. ವಿನ್ಯಾಸಕಾರರು ಅಂಕಿಯನ್ನು ಬಿಟ್ಟು ಘಟನೆಯನ್ನೇ ಹಿಡಿದುಕೊಂಡಿದ್ದಾರೆ. ಇದು ನನಗೆ ಬಹಳ ಪ್ರಿಯವಾದ ಯೋಚನೆ, ಮತ್ತು ಕಳಚಿಟ್ಟ ಭಾಗಗಳ ಸಾಲನ್ನು ನೋಡಿ ಇದನ್ನು ಗ್ರಹಿಸಿದ ವಿದ್ಯಾರ್ಥಿಯನ್ನು ನಾನು ಈವರೆಗೆ ಕಂಡಿಲ್ಲ.

ಇನ್ನು ನೀವು ಬಿಚ್ಚಬಹುದು. ಬಿಚ್ಚುವಾಗ ಆ ಟಕ್ ಎಂಬ ಸದ್ದಿಗೆ ಕಾರಣವೇನೆಂದು ಹುಡುಕಿ. ಮೆಲ್ಲನೆ ಬಾಗುವ ಪಟ್ಟಿಯಾಗಿದ್ದರೆ ಅಷ್ಟು ಗಟ್ಟಿಯಾದ ಸದ್ದು ಬರಬೇಕಾಗಿರಲಿಲ್ಲ.

ಉತ್ತರ 1 ಬರೆದವರು

ಪ್ಲಗ್ ತೆಗೆದು, ನೀರು ಚೆಲ್ಲಿ, ಪೂರ್ತಿ ಒಣಗಿದ ಮೇಲೆಯೇ ಕೈ ಹಾಕಿ. ತಿರುಪುಗಳು ಕಾಣದಿದ್ದರೆ ರಬ್ಬರ್ ಪಾದಗಳ ಕೆಳಗೂ ಅಂಟಿಸಿದ ಚೀಟಿಯ ಕೆಳಗೂ ನೋಡಿ. ಒತ್ತಿ ಎಬ್ಬಿಸಲು ಹೋಗಿ ಕೊಂಡಿ ಮುರಿಯಬೇಡಿ. ಎರಡು ಭಾಗಗಳು ಕೂಡುವ ಕಡೆಯಲ್ಲೆಲ್ಲ ಕೂಡುಗೆರೆಗೆ ಅಡ್ಡವಾಗಿ ಪೆನ್ನಿನಿಂದ ಒಂದು ಗೀಟು ಎಳೆಯಿರಿ, ಜೋಡಿಸುವಾಗ ಗೀಟು ಕೂಡಿದರೆ ಭಾಗವೂ ಸರಿಯಾಗಿ ಕೂಡಿದಂತೆ. ತಿರುಪುಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವುದು ಎಲ್ಲಿಯದೆಂದು ಕಾಗದದ ಮೇಲೆ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಡಿ.

ಪ್ರಶ್ನೆ ಕೇಳಿದವರು

ಬಿಚ್ಚಿದೆ. ಹಿಡಿಯೊಳಗಿನ ಕೊಳವೆ ನಾನು ಬರೆದ ಚಿತ್ರದಲ್ಲಿದ್ದಂತೆಯೇ ಇತ್ತು. ಅದರ ಕೆಳತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ, ತುಸು ಗುಮ್ಮಟದಂತೆ ಉಬ್ಬಿದ ದ್ವಿಲೋಹ ಬಿಲ್ಲೆ ಇದೆ. ಅದು ಮೆಲ್ಲನೆ ಬಾಗುವುದಿಲ್ಲ. ಒಂದು ಹಂತದವರೆಗೆ ತಡೆದು, ಒಮ್ಮೆಲೇ ಮಗುಚಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ನಿಧಾನವಾಗಿ ಬಿಟ್ಟುಕೊಂಡರೆ ನಡುವೆ ಕಿಡಿ ಎದ್ದು ಮೊನೆಗಳು ಸುಟ್ಟುಹೋಗುತ್ತವೆ, ಆದ್ದರಿಂದಲೇ ಈ ಮಗುಚುವ ಬಿಲ್ಲೆ ಎಂದು ಮಾರ್ಗದರ್ಶಕರು ವಿವರಿಸಿದರು. ಬಿಲ್ಲೆಯ ಕೆಳಗಿನ ಹೊದಿಕೆಯಲ್ಲಿ ಒಂದು ಸಣ್ಣ ತೂತಿದೆ. ಪೀಠದ ಮೇಲೆ ಬೀಳುತ್ತಿದ್ದ ಹನಿಗಳು ಸೋರಿಕೆಯಾಗಿರಲಿಲ್ಲ; ಬಿಲ್ಲೆಯನ್ನು ಮುಟ್ಟಿ ತಣಿದ ಹಬೆ ನೀರಾಗಿ ಆ ತೂತಿನಿಂದ ಹೊರಹೋಗುತ್ತಿತ್ತು.

ನನ್ನ ಚಿತ್ರದಲ್ಲಿ ಇಲ್ಲದೇ ಇದ್ದದ್ದು ತಳದ ತಟ್ಟೆಗೆ ಒತ್ತಿಕೊಂಡಿರುವ ಇನ್ನೂ ಎರಡು ಬಿಲ್ಲೆಗಳು. ನೀರಿಲ್ಲದೆ ತಟ್ಟೆ ಅತಿಯಾಗಿ ಕಾದಾಗ ವಿದ್ಯುತ್ತನ್ನು ಕಡಿಯಲು ಅವು ಇವೆ, ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು ಎರಡು. ನಾನು ಸುಮಾರು ಮೂವತ್ತು ಸಲ ನೀರು ಕಾಯಿಸಿದರೂ ಅವು ಒಮ್ಮೆಯೂ ಕೆಲಸ ಮಾಡಿರಲಿಲ್ಲ. ಪುಸ್ತಿಕೆಯಲ್ಲಿ ‘ಖಾಲಿ ಕೆಟಲನ್ನು ಚಾಲೂ ಮಾಡಬೇಡಿ’ ಎಂಬ ಸಾಲನ್ನು ನಾನು ಓದಿದ್ದೆ, ಓದಿಯೂ ಚಿತ್ರಕ್ಕೆ ಸೇರಿಸಿರಲಿಲ್ಲ. ಈ ತಪ್ಪನ್ನು ವರದಿಯಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ. ಮುಕ್ಕಾಲು ಲೀಟರ್ ಮತ್ತು ಒಂದೂವರೆ ಲೀಟರಿನ ಅಳತೆಗಳನ್ನು ಬಿಚ್ಚುವ ಮೊದಲೇ ಮುಗಿಸಿದ್ದೆ. ನಾಲ್ಕೂ ಬಿಂದುಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ.

ಮತ್ತೆ ಜೋಡಿಸಿ, ಪ್ರಯೋಗಾಲಯದಲ್ಲಿ ಭೂಸಂಪರ್ಕವನ್ನೂ ನಿರೋಧಕತೆಯನ್ನೂ ಮಾರ್ಗದರ್ಶಕರು ಪರೀಕ್ಷಿಸಿದ ನಂತರ ಒಂದು ಲೀಟರ್ ನೀರು ಕಾಯಿಸಿದೆವು. ಎಲ್ಲ ಗೀಟುಗಳೂ ಕೂಡಿದ್ದವು, ತಿರುಪೂ ಮಿಕ್ಕಿರಲಿಲ್ಲ, ನೀರೂ ಮೊದಲಿನಷ್ಟೇ ಹೊತ್ತಿನಲ್ಲಿ ಕುದಿಯಿತು. ಆದರೆ ಕುದಿದ ಮೇಲೆ ಆರಲು ಈ ಸಲ 41 ಸೆಕೆಂಡು ಹಿಡಿಯಿತು. ಮೊದಲು 25 ಹಿಡಿಯುತ್ತಿತ್ತು. ಜೊತೆಗಿದ್ದವರೆಲ್ಲ ಕೆಟಲ್ ಸರಿಯಾಗಿದೆ ಎಂದರು. ನನ್ನ ಬಳಿ ಹಳೆಯ ಅಂಕಿಗಳು ಇದ್ದುದರಿಂದ ಒಪ್ಪಲು ಮನಸ್ಸಾಗಲಿಲ್ಲ. ತಣಿದ ಮೇಲೆ ಮತ್ತೆ ಬಿಚ್ಚಿ ನೋಡಿದರೆ, ಹಬೆಯ ಕೊಳವೆಯ ಕೆಳತುದಿಗೆ ತೊಡಿಸಿದ ರಬ್ಬರ್ ಉಂಗುರ ಒಂದು ಕಡೆ ಮಡಚಿಕೊಂಡಿತ್ತು, ಹಬೆಯ ಒಂದು ಪಾಲು ಬಿಲ್ಲೆಯನ್ನು ಮುಟ್ಟದೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಉಂಗುರವನ್ನು ಸರಿಯಾಗಿ ಕೂರಿಸಿ, ಎಲ್ಲ ಪರೀಕ್ಷೆಗಳನ್ನೂ ಇನ್ನೊಮ್ಮೆ ಮಾಡಿಸಿ ಕುದಿಸಿದಾಗ 26 ಸೆಕೆಂಡಿಗೆ ಆರಿತು.